ಮನೆಯಿಂದ ಗ್ರಾಮಸಭೆವರೆಗೆ: ವಿಕಲಚೇತನರು ತಮ್ಮದೇ ಸಂಘ ಕಟ್ಟುವುದು ಹೇಗೆ

ಯಾವುದೇ ಊರಿಗೆ ಹೋಗಿ ವಿಕಲಚೇತನರು ಯಾರಿದ್ದಾರೆ ಎಂದು ಕೇಳಿದರೆ ಮೊದಲು ಸಿಗುವುದು ಇಬ್ಬರೋ ಮೂವರೋ ಗಂಡಸರ ಹೆಸರು. ಮೂರು ಚಕ್ರದ ಗಾಡಿಯಲ್ಲಿ ಬಸ್ ಸ್ಟ್ಯಾಂಡ್‌ಗೆ ಬರುವವರು, ಪಂಚಾಯಿತಿ ಕಟ್ಟೆಯಲ್ಲಿ ಕೂರುವವರು. ಉಳಿದವರು ಮನೆಯೊಳಗಿದ್ದಾರೆ, ಅವರಲ್ಲಿ ಹೆಂಗಸರು ಜಾಸ್ತಿ. ಹೊರಗೆ ಕಾಣುವ ಆ ಇಬ್ಬರು ಮೂವರನ್ನೇ ಕೂಡಿಸಿಕೊಂಡು ಹೊರಟರೆ ಸಂಘ ಬೇಗ ಆಗುತ್ತದೆ ನಿಜ. ಆದರೆ ಒಳಗಿದ್ದವರು ಆಮೇಲೆ ಬಂದು ಸೇರುವುದು ಕಷ್ಟ. ಅಷ್ಟರಲ್ಲಿ ಸಭೆಯ ಜಾಗ, ಹೊತ್ತು, ಪದಾಧಿಕಾರಿಗಳು ಎಲ್ಲ ಬೇರೆಯವರ ಅನುಕೂಲಕ್ಕೆ ತಕ್ಕಂತೆ ಗಟ್ಟಿಯಾಗಿರುತ್ತದೆ.

ಅದಕ್ಕೇ ನಾನು ಎಲ್ಲ ಕಡೆ ಹೇಳುವುದು ಒಂದೇ. ಬರಲು ಯಾರಿಗೆ ಎಲ್ಲರಿಗಿಂತ ಜಾಸ್ತಿ ಕಷ್ಟವೋ ಅವರಿಂದ ಶುರುಮಾಡಿ. ಹಾಸಿಗೆ ಬಿಟ್ಟು ಏಳಲಾಗದ ಹುಡುಗಿ, ಮಾತು ಬಾರದ ಸೊಸೆ, ಬುದ್ಧಿಮಾಂದ್ಯತೆ ಇರುವ ಮಗನನ್ನು ಬಿಟ್ಟು ಹೊರಡಲಾಗದ ತಾಯಿ. ಇವರಿಗೆ ಹೊಂದುವ ಸಂಘ ಉಳಿದವರಿಗೂ ಹೊಂದುತ್ತದೆ.

ವಿಕಲಚೇತನರೇ ಮುಂದೆ ನಿಂತು ಸಂಸ್ಥೆ ಕಟ್ಟುವುದು ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನಲ್ಲಿ 1959ರಲ್ಲೇ ಎನ್.ಎಸ್. ಹೇಮಾ ಅವರು ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ (ಎಪಿಡಿ) ಎಂಬ ಸಂಸ್ಥೆ ಶುರುಮಾಡಿದರು. ಅವರು ಸ್ವತಃ ವಿಕಲಚೇತನ ಹೆಣ್ಣುಮಗಳು. 1970ರಲ್ಲಿ ಅಂಧರೇ ಸೇರಿ ರಾಷ್ಟ್ರೀಯ ಅಂಧರ ಒಕ್ಕೂಟ ಕಟ್ಟಿದರು. 2001ರ ಜನಗಣತಿಯಲ್ಲಿ ವಿಕಲಚೇತನರನ್ನು ಎಣಿಸುವ ಪ್ರಶ್ನೆ ಸೇರಿದ್ದು ಸಂಘಟನೆಗಳು ಹಟ ಹಿಡಿದು ಕೇಳಿದ್ದರಿಂದ. ಪೋಲಿಯೋದಿಂದ ಕೈಕಾಲುಗಳ ಬಲ ಕಳೆದುಕೊಂಡ ಮಂಡ್ಯ ಜಿಲ್ಲೆಯ ಕೆ.ಎಸ್. ರಾಜಣ್ಣ 2013ರಲ್ಲಿ ರಾಜ್ಯದ ವಿಕಲಚೇತನರ ಆಯುಕ್ತರಾದರು, 2024ರಲ್ಲಿ ಪದ್ಮಶ್ರೀ ಪಡೆದರು. ಇವೆಲ್ಲ ದೊಡ್ಡ ಮಟ್ಟದ ಮಾತು. ಈಗ ನಿಮ್ಮ ಊರಿನ ಕೆಲಸಕ್ಕೆ ಬರೋಣ.

ಹೆಜ್ಜೆ 1: ಮನೆ ಮನೆಗೆ ಹೋಗಿ

ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅವರನ್ನು ಕಾಣಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂಬ ಉದ್ದದ ಹೆಸರನ್ನು ಯಾರೂ ಬಳಸುವುದಿಲ್ಲ, ವಿಆರ್‌ಡಬ್ಲ್ಯು ಎಂದರೇ ಎಲ್ಲರಿಗೂ ಗೊತ್ತು. ತಾಲ್ಲೂಕಿನಲ್ಲಿ ಇವರ ಮೇಲೆ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ. ಇವರಲ್ಲಿ ಬಹುಪಾಲು ಜನ ತಾವೇ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು. ಅವರ ಬಳಿ ಪಟ್ಟಿ ಇರುತ್ತದೆ. ಅದನ್ನು ಶುರುವಿಗೆ ಇಟ್ಟುಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅರ್ಜಿ ಹಾಕಿದವರ ಹೆಸರು ಮಾತ್ರ ಪಟ್ಟಿಗೆ ಬಂದಿರುವ ಸಾಧ್ಯತೆ ಜಾಸ್ತಿ. ಅರ್ಜಿಯನ್ನೇ ಹಾಕದವರನ್ನು ಹುಡುಕಲು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಹಾಲಿನ ಡೈರಿಯವರನ್ನು ಕೇಳಿ. ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ವಿಕಲಚೇತನರಿದ್ದರು. ಅವರಲ್ಲಿ ಹೆಂಗಸರು ಹತ್ತಿರ ಹತ್ತಿರ 6 ಲಕ್ಷ. ಆದರೆ ಅದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬರುವ ಮುಂಚಿನ ಎಣಿಕೆ. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಹೊಸ ಕಾಯ್ದೆಯಲ್ಲಿ 21 ಇವೆ. ಆಟಿಸಂ, ಕುಬ್ಜತೆ, ಪಾರ್ಕಿನ್ಸನ್, ತಲಸ್ಸೇಮಿಯಾ, ಸಿಕಲ್ ಸೆಲ್, ಆಸಿಡ್ ದಾಳಿಗೆ ಒಳಗಾದವರು, ಕಲಿಕೆಯ ತೊಂದರೆ ಇರುವ ಮಕ್ಕಳು ಎಲ್ಲ ಈಗ ಸೇರುತ್ತಾರೆ. ಮಾನಸಿಕ ಕಾಯಿಲೆ ಇರುವವರು, ಕುಷ್ಠರೋಗ ವಾಸಿಯಾದವರು ಮುಂಚಿನಿಂದಲೂ ಇದ್ದಾರೆ. ಆದರೆ ಈ ಇಬ್ಬರನ್ನೂ ಕರೆಯಲು ಸಂಘಗಳೇ ಹಿಂಜರಿಯುವುದುಂಟು. ಹಿಂಜರಿಯಬೇಡಿ.

ಮನೆಗೆ ಹೋದಾಗ ಮಾತಾಡಬೇಕಾದದ್ದು ಆ ವ್ಯಕ್ತಿಯ ಜೊತೆ. "ಅವಳಿಗೇನು ಗೊತ್ತಾಗುತ್ತೆ, ನನ್ನನ್ನೇ ಕೇಳಿ" ಎಂದು ಅತ್ತಿಗೆಯೋ ಅಣ್ಣನೋ ಮುಂದೆ ಬರುತ್ತಾರೆ. ಅವರನ್ನು ಎದುರು ಹಾಕಿಕೊಳ್ಳಬೇಕಿಲ್ಲ. "ಅಕ್ಕನ ಬಾಯಿಂದಲೂ ಒಂದು ಮಾತು ಕೇಳಿಬಿಡ್ತೀವಿ" ಎಂದು ಹೇಳಿ ಅವಳ ಪಕ್ಕ ಕೂತುಕೊಳ್ಳಿ. ಅವಳು ನೆಲದ ಮೇಲಿದ್ದರೆ ನೀವೂ ನೆಲದ ಮೇಲೆ ಕೂರಿ. ಕಿವಿ ಕೇಳದವರ ಮನೆಯಲ್ಲಿ ಅವರದೇ ಸನ್ನೆಗಳಿರುತ್ತವೆ. ಆ ಸನ್ನೆ ಬಲ್ಲವರು ಮಕ್ಕಳಿರಬಹುದು, ತಂಗಿ ಇರಬಹುದು. ಅವರ ಸಹಾಯ ಪಡೆಯಿರಿ. ಹೆಂಗಸರ ಮನೆಗಳಿಗೆ ಹೆಂಗಸರೇ ಹೋಗುವುದು ಒಳ್ಳೆಯದು, ಅದೂ ಇಬ್ಬರಾಗಿ.

ಒಂದು ನೋಟ್‌ಬುಕ್ ಇಡಿ. ಹೆಸರು, ವಯಸ್ಸು, ಯಾವ ವೈಕಲ್ಯ, ಯುಡಿಐಡಿ ಕಾರ್ಡ್ (ವಿಕಲಚೇತನರ ಸರ್ಕಾರಿ ಗುರುತಿನ ಚೀಟಿ) ಇದೆಯೇ, ಪಿಂಚಣಿ ಬರುತ್ತದೆಯೇ ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಇನ್ನೂ ನಾಲ್ಕು ಪ್ರಶ್ನೆ ಸೇರಿಸಿ. ಬ್ಯಾಂಕ್ ಪಾಸ್‌ಬುಕ್ ಯಾರ ಕೈಯಲ್ಲಿದೆ? ಶೌಚಕ್ಕೆ ಎಲ್ಲಿಗೆ ಹೋಗುತ್ತೀರಿ, ಯಾರು ಕರೆದೊಯ್ಯುತ್ತಾರೆ? ಕೊನೆಯ ಸಲ ಮನೆಯಿಂದ ಹೊರಗೆ ಹೋಗಿದ್ದು ಯಾವಾಗ? ನಿಮಗೆ ಏನು ಬೇಕು? ಕೊನೆಯ ಪ್ರಶ್ನೆಗೆ ಬಹಳ ಜನ ಮೊದಲ ಸಲ ಉತ್ತರವನ್ನೇ ಕೊಡುವುದಿಲ್ಲ. ಯಾರೂ ಅದುವರೆಗೆ ಕೇಳಿಲ್ಲ, ಅಲ್ವಾ? ಎರಡನೇ ಸಲ ಹೋಗಿ ಕೇಳಿ. ಫೋಟೋ ತೆಗೆಯಬೇಡಿ. ಬರೆದದ್ದನ್ನು ಊರಿನಲ್ಲಿ ಯಾರಿಗೂ ತೋರಿಸಬೇಡಿ.

ಹೆಜ್ಜೆ 2: ಮೊದಲ ಸಭೆ

ಸಭೆಗೆ ಯಾರು ಬರುತ್ತಾರೆ ಎಂಬುದನ್ನು ಅರ್ಧ ತೀರ್ಮಾನ ಮಾಡುವುದು ಜಾಗ. ಸಮುದಾಯ ಭವನಕ್ಕೆ ಐದಾರು ಮೆಟ್ಟಿಲಿದ್ದರೆ ಅದು ಬೇಡ. ಶಾಲೆಯ ನೆಲಮಟ್ಟದ ಕೋಣೆ, ಅಂಗನವಾಡಿ, ಅಥವಾ ನಡೆಯಲಾಗದ ಸದಸ್ಯರೊಬ್ಬರ ಮನೆಯ ಅಂಗಳವೇ ಆಗಬಹುದು. ನನ್ನ ಕೇಳಿದರೆ ಕೊನೆಯದೇ ಉತ್ತಮ. ಅವರು ನಿಮ್ಮ ಬಳಿ ಬರುವ ಬದಲು ನೀವೇ ಅವರ ಬಳಿ ಹೋದ ಹಾಗಾಯಿತು, ಮನೆಯವರಿಗೂ ಧೈರ್ಯ ಬರುತ್ತದೆ. ಎಲ್ಲಿ ಮಾಡಿದರೂ ಹೆಂಗಸರು ಹೋಗಬಹುದಾದ ಶೌಚಾಲಯ ಹತ್ತಿರದಲ್ಲಿರಬೇಕು. ಶೌಚಕ್ಕೆ ತೊಂದರೆಯಾಗುತ್ತದೆ ಎಂದು ಬೆಳಗಿನಿಂದ ನೀರು ಕುಡಿಯದೆ ಸಭೆಗೆ ಬರುವ ಹೆಂಗಸರಿದ್ದಾರೆ. ಕೆಲವರು ಆ ಕಾರಣಕ್ಕೇ ಬರುವುದಿಲ್ಲ, ಕಾರಣ ಹೇಳುವುದೂ ಇಲ್ಲ.

ಹೊತ್ತು ಕೂಡ ಹೆಂಗಸರನ್ನು ಕೇಳಿ ಗೊತ್ತುಮಾಡಿ. ಅಡುಗೆ, ಹಾಲು ಕರೆಯುವುದು, ಕೂಲಿ ಎಲ್ಲ ನೋಡಿಕೊಂಡು ಕತ್ತಲಾಗುವ ಮುಂಚೆ ಮುಗಿಯುವಂತಿರಲಿ. ದೂರದವರಿಗೆ ಬಸ್ ವಿಷಯ ತಿಳಿಸಿ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ, ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಟಿಕೆಟ್ ದುಡ್ಡಿಲ್ಲ. ಗಂಡಸರು ವಿಕಲಚೇತನರ ರಿಯಾಯಿತಿ ಪಾಸ್ ಮಾಡಿಸಿಕೊಳ್ಳಬೇಕು.

ಎಲ್ಲರೂ ಗುಂಡಗೆ ಕೂರಿ. ಮಾತಾಡುವವರ ಮುಖದ ಮೇಲೆ ಬೆಳಕು ಬೀಳಲಿ, ಕಿವಿ ಕೇಳದವರು ತುಟಿ ಮತ್ತು ಸನ್ನೆ ನೋಡಬೇಕು. ಪ್ರತಿಯೊಬ್ಬರೂ ಮಾತು ಶುರುಮಾಡುವ ಮುಂಚೆ ತಮ್ಮ ಹೆಸರು ಹೇಳಲಿ, ಕಣ್ಣು ಕಾಣದವರಿಗೆ ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯಬೇಕು. ಮಾತು ತಡವರಿಸುವವರ ವಾಕ್ಯವನ್ನು ಬೇರೆಯವರು ಪೂರ್ತಿ ಮಾಡಬಾರದು, ಎಷ್ಟೇ ಹೊತ್ತಾದರೂ ಕಾಯಬೇಕು. ಮೊದಲ ಸಭೆಯಲ್ಲಿ ಭಾಷಣ ಬೇಡ, ಅತಿಥಿಗಳು ಬೇಡ, ಹಾರ ಬೇಡ. ಊರಿನ ದೊಡ್ಡವರನ್ನು ಕರೆದರೆ ಒಂದು ಗಂಟೆ ಅವರ ಮಾತೇ ಆಗುತ್ತದೆ. ಮನೆ ಭೇಟಿಯಲ್ಲಿ ಕೇಳಿಬಂದ ಸಂಗತಿಗಳನ್ನು ಯಾರ ಹೆಸರೂ ಹೇಳದೆ ಮುಂದಿಡಿ. "ನಮ್ಮಲ್ಲಿ ಇಷ್ಟು ಜನಕ್ಕೆ ಕಾರ್ಡ್ ಇಲ್ಲ, ಇಷ್ಟು ಜನರ ಪಾಸ್‌ಬುಕ್ ಅವರ ಕೈಯಲ್ಲಿಲ್ಲ" ಎಂದರೆ ಸಾಕು, ಮಾತು ತಾನಾಗಿ ಹೊರಡುತ್ತದೆ.

ತಾಯಿ ತಂದೆಯರ ಪ್ರಶ್ನೆ ಇಲ್ಲೇ ಬರುತ್ತದೆ. ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ ಇರುವವರ ಪಾಲಕರು ಸಂಘದಲ್ಲಿ ಇರಲೇಬೇಕು, ಅವರ ಕಷ್ಟ ದೊಡ್ಡದು. ಆದರೆ ಪಾಲಕರು ಬಂದರೆ ಮಗಳು ಮನೆಯಲ್ಲಿ ಉಳಿಯಬೇಕೆಂದೇನಿಲ್ಲ. ಅವಳೂ ಬರಲಿ. ಎರಡು ಬಣ್ಣದ ಚೀಟಿ ತೋರಿಸಿ "ಇದು ಬೇಕಾ, ಅದು ಬೇಕಾ" ಎಂದು ಕೇಳಿದರೆ ತನ್ನ ಇಷ್ಟ ಹೇಳಬಲ್ಲವರು ಬಹಳ ಜನ ಇದ್ದಾರೆ.

ಹೆಜ್ಜೆ 3: ನಿಯಮ, ಉಳಿತಾಯ, ಲೆಕ್ಕ

ಸ್ವಸಹಾಯ ಸಂಘಕ್ಕೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಸದಸ್ಯರು ಬೇಕು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಯೋಜನೆಯಲ್ಲಿ, ನಮ್ಮಲ್ಲಿ ಸಂಜೀವಿನಿ ಎಂದು ಕರೆಯುತ್ತೇವಲ್ಲ ಅದರಲ್ಲಿ, ವಿಕಲಚೇತನರ ಸಂಘಕ್ಕೆ ಐದು ಜನ ಇದ್ದರೂ ಸಾಕು. ಸಾಮಾನ್ಯ ಸಂಘಗಳು ಹೆಂಗಸರಿಗೆ ಮಾತ್ರ, ವಿಕಲಚೇತನರ ಸಂಘದಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಇರಬಹುದು. ಈ ಎರಡು ವಿನಾಯಿತಿ ಬಹಳ ಕಡೆ ಗೊತ್ತೇ ಇಲ್ಲ. "ಹತ್ತು ಜನ ಇಲ್ಲ, ಆಗಲ್ಲ" ಎಂದು ಯಾರಾದರೂ ಕಳುಹಿಸಿದರೆ ಇದನ್ನು ನೆನಪಿಸಿ. ಇಷ್ಟು ಸಣ್ಣ ಸಂಘಕ್ಕೆ ನೋಂದಣಿ ಬೇಕಿಲ್ಲ.

ಸಣ್ಣ ಗುಂಪು ಒಟ್ಟಿಗೆ ದುಡ್ಡು ಕೂಡಿಸಿ ತನಗೇ ಸಾಲ ಕೊಟ್ಟುಕೊಳ್ಳುವ ಈ ಕ್ರಮ ಬೆಳೆದದ್ದರಲ್ಲಿ ಕರ್ನಾಟಕದ ಪಾತ್ರ ದೊಡ್ಡದು. 1980ರ ದಶಕದಲ್ಲಿ ಮೈರಾಡಾ ಸಂಸ್ಥೆ ಇಲ್ಲಿನ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ನಡೆಸಿತು. 1992ರಲ್ಲಿ ನಬಾರ್ಡ್ ಇವುಗಳನ್ನು ಬ್ಯಾಂಕ್‌ಗಳ ಜೊತೆ ಜೋಡಿಸಿತು. ಪಂಚಸೂತ್ರ ಎಂದು ಎಲ್ಲ ಸಂಘದವರೂ ಹೇಳುವುದು ಐದು ಸಂಗತಿ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗೇ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಸರಿಯಾದ ಲೆಕ್ಕ. ಆರು ತಿಂಗಳು ಹೀಗೆ ನಡೆದ ದಾಖಲೆ ಇದ್ದರೆ ಬ್ಯಾಂಕ್ ಸಾಲಕ್ಕೆ ಕೇಳಬಹುದು.

ಉಳಿತಾಯದ ಮೊತ್ತವನ್ನು ಸಂಘದಲ್ಲಿ ಎಲ್ಲರಿಗಿಂತ ಬಡವರು ಯಾರೋ ಅವರು ಹೇಳಲಿ. ಪಿಂಚಣಿ ಬಿಟ್ಟು ಬೇರೆ ಆದಾಯವೇ ಇಲ್ಲದವರು ಇರುತ್ತಾರೆ, ಆ ಪಿಂಚಣಿಯೂ ತಿಂಗಳುಗಟ್ಟಲೆ ತಡವಾಗುವುದುಂಟು. ದುಡ್ಡು ಕಟ್ಟಲಾಗಲಿಲ್ಲ ಎಂದು ಸಭೆಗೇ ಬರದಂತಾದರೆ ಸಂಘ ಮುರಿದ ಹಾಗೆ. ಆದ್ದರಿಂದ ಕಟ್ಟಲಾಗದ ತಿಂಗಳು ದಂಡ ಹಾಕಬೇಡಿ. ಹಾಗೆಯೇ, ಉಳಿತಾಯ ಮಾಡದಿದ್ದರೂ ಸಂಘದ ಸದಸ್ಯರಾಗಿ ಮಾತಾಡುವ ಹಕ್ಕು ಇರಲಿ. ಉಳಿತಾಯ ಸಂಘವನ್ನು ತಿಂಗಳು ತಿಂಗಳು ಸೇರಿಸುತ್ತದೆ, ಅದು ಅದರ ದೊಡ್ಡ ಉಪಕಾರ. ಆದರೆ ಲೇವಾದೇವಿ ಒಂದೇ ಕೆಲಸವಾಗಿಬಿಟ್ಟರೆ ಹಕ್ಕಿನ ಮಾತು ಹಿಂದೆ ಬೀಳುತ್ತದೆ. ಪ್ರತಿ ಸಭೆಯಲ್ಲಿ ಮೊದಲು ಹಕ್ಕಿನ ವಿಷಯ, ಆಮೇಲೆ ದುಡ್ಡಿನ ವಿಷಯ ತೆಗೆದುಕೊಳ್ಳಿ. ದುಡ್ಡಿನ ಮಾತು ಶುರುವಾದ ಮೇಲೆ ಬೇರೆಯದಕ್ಕೆ ಹೊತ್ತು ಉಳಿಯುವುದಿಲ್ಲ.

ಲೆಕ್ಕದ ಪುಸ್ತಕವನ್ನು ಪ್ರತಿ ಸಭೆಯಲ್ಲಿ ಗಟ್ಟಿಯಾಗಿ ಓದಿ. ಕಣ್ಣು ಕಾಣದವರು, ಓದು ಬಾರದವರು ಇಬ್ಬರಿಗೂ ಅದು ಬೇಕು. ಕಿವಿ ಕೇಳದವರಿಗೆ ಪುಸ್ತಕವನ್ನೇ ತೋರಿಸಿ, ಬೆರಳಲ್ಲಿ ಲೆಕ್ಕ ಹೇಳಿ. ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿರಲಿ. ಸಹಿ ಮಾಡುವವರಲ್ಲಿ ಹೆಂಗಸರು ಇರಲೇಬೇಕು. ಕಣ್ಣು ಕಾಣುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾರೆ ಎಂಬ ಕಾರಣಕ್ಕೆ ಖಾತೆ ನಿರಾಕರಿಸುವಂತಿಲ್ಲ. ಅಂಧರಿಗೂ ಚೆಕ್‌ಬುಕ್, ಎಟಿಎಂ ಕಾರ್ಡ್ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನದೇ ಆದೇಶ. 2016ರ ಕಾಯ್ದೆಯ ಸೆಕ್ಷನ್ 13 ಕೂಡ ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕನ್ನು ಬರೆದಿಟ್ಟಿದೆ.

ಪದಾಧಿಕಾರಿಗಳ ಬಗ್ಗೆ ಮೂರು ನಿಯಮ ಮೊದಲ ದಿನವೇ ಬರೆದುಕೊಳ್ಳಿ. ಅರ್ಧ ಸ್ಥಾನ ಹೆಂಗಸರಿಗೆ. ಎರಡು ವರ್ಷಕ್ಕೊಮ್ಮೆ ಬದಲಾವಣೆ. ಒಂದೇ ಬಗೆಯ ವೈಕಲ್ಯದವರೇ ಎಲ್ಲ ಹುದ್ದೆ ಹಿಡಿಯುವಂತಿಲ್ಲ. ಇನ್ನೊಂದು ಮಾತು, ಕೆಲವರಿಗೆ ಬೇಸರವಾದರೂ ಹೇಳಬೇಕು: ವಿಆರ್‌ಡಬ್ಲ್ಯು ಅವರನ್ನು ಅಧ್ಯಕ್ಷರನ್ನಾಗಿ ಮಾಡಬೇಡಿ. ಅವರು ಒಳ್ಳೆಯವರೇ ಇರಬಹುದು. ಆದರೆ ಅವರು ದಿನಾ ಕೂರುವುದು ಪಂಚಾಯಿತಿ ಕಚೇರಿಯಲ್ಲಿ. ನಾಳೆ ಸಂಘ ಅದೇ ಪಂಚಾಯಿತಿಯನ್ನು ಪ್ರಶ್ನೆ ಕೇಳಬೇಕಾದಾಗ ಅವರು ಇಕ್ಕಟ್ಟಿಗೆ ಸಿಗುತ್ತಾರೆ. ಅವರು ಸಲಹೆ ಕೊಡಲಿ, ಮಾಹಿತಿ ತರಲಿ.

ಹೆಜ್ಜೆ 4: ಹೆಂಗಸರ ಪ್ರತ್ಯೇಕ ಸಭೆ

ಎಲ್ಲರ ಸಭೆ ಬೇರೆ, ಹೆಂಗಸರದೇ ಸಭೆ ಬೇರೆ. ಎರಡೂ ಬೇಕು. ಮುಟ್ಟಿನ ತೊಂದರೆ, ಮದುವೆ, ಮಗು, ಮನೆಯೊಳಗಿನ ಹೊಡೆತ, ಮೈಮೇಲೆ ಬೀಳುವ ಕೈ, ಇವನ್ನೆಲ್ಲ ಗಂಡಸರ ಎದುರು ಹೇಳಲಾಗುವುದಿಲ್ಲ. ತಿಂಗಳಿಗೊಮ್ಮೆ ಹೆಂಗಸರಷ್ಟೇ ಕೂರಿ. ಅಣ್ಣ, ಗಂಡ, ಅತ್ತೆ ಯಾರೂ ಒಳಗೆ ಬೇಡ. ಕರೆದುಕೊಂಡು ಬಂದವರು ಹೊರಗೆ ಕಾಯಲಿ.

ಅಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಪಿಂಚಣಿ ಮಾತು. ದುಡ್ಡು ಅವಳ ಹೆಸರಿಗೆ ಬರುತ್ತದೆ, ಕಾರ್ಡ್ ಬೇರೆಯವರ ಜೇಬಿನಲ್ಲಿರುತ್ತದೆ. ಇದಕ್ಕೆ ಜಗಳ ಬೇಡ. ಸಂಘದ ಇಬ್ಬರು ಅವಳ ಜೊತೆ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಿ ಅವಳ ಕೈಯಿಂದಲೇ ದುಡ್ಡು ತೆಗೆಸಿ. ಮನೆಗೆ ಅವಳೇ ಕೊಡಲಿ, ತನಗೆ ಬೇಕಾದಷ್ಟು ಇಟ್ಟುಕೊಂಡು. ಸಂಘದ ಉಳಿತಾಯ ಕಟ್ಟಬೇಕು ಎಂಬುದು ಇದಕ್ಕೆ ಒಳ್ಳೆಯ ನೆಪ.

ಎರಡನೆಯದು ಆಸ್ತಿ. ವಿಕಲಚೇತನ ಮಗಳಿಗೆ ಪಾಲು ಯಾಕೆ, ಅಣ್ಣ ನೋಡಿಕೊಳ್ಳುತ್ತಾನಲ್ಲ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 28 ನೇರವಾಗಿ ಹೇಳುತ್ತದೆ: ಕಾಯಿಲೆ, ಅಂಗವೈಕಲ್ಯದ ಕಾರಣಕ್ಕೆ ಯಾರಿಗೂ ವಾರಸು ಹಕ್ಕು ತಪ್ಪುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂದು 2005ರ ತಿದ್ದುಪಡಿ ಇಡೀ ದೇಶಕ್ಕೆ ಹೇಳಿದೆ. ಯಾವ ಕಾಗದಕ್ಕೇ ಆಗಲಿ, ಸಂಘದಲ್ಲಿ ಓದಿಸಿ ಕೇಳುವವರೆಗೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಎಲ್ಲರೂ ಮಾತು ಕೊಟ್ಟುಕೊಳ್ಳಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೂ ವಿಕಲಚೇತನರಿಗೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಮೂರನೆಯದು ಮೈಯ ಮೇಲಿನ ಹಕ್ಕು. ಇದನ್ನು ನಿಧಾನವಾಗಿ, ಪದೇ ಪದೇ ಮಾತಾಡಬೇಕು. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಹುಡುಗಿಯರಿಗೆ ಪುಣೆಯ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದರು. ಮುಟ್ಟಿನ ಸ್ವಚ್ಛತೆ ನೋಡಿಕೊಳ್ಳುವುದು ಕಷ್ಟ ಎಂಬುದು ಕೊಟ್ಟ ಕಾರಣ. ದೇಶದ ಮಹಿಳಾ ಸಂಘಟನೆಗಳು ಇದರ ವಿರುದ್ಧ ದನಿ ಎತ್ತಿದವು. 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಲ್ಪ ಪ್ರಮಾಣದ ಬುದ್ಧಿಮಾಂದ್ಯತೆ ಇರುವ ಹೆಣ್ಣಿನ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡುವಂತಿಲ್ಲ ಎಂದಿತು. 2016ರ ಕಾಯ್ದೆಯ ಸೆಕ್ಷನ್ 92ರಲ್ಲಿ ಒಪ್ಪಿಗೆ ಇಲ್ಲದ ಗರ್ಭಪಾತ ಅಪರಾಧ. ತೀವ್ರ ವೈಕಲ್ಯ ಇದ್ದಾಗ ಮಾತ್ರ, ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆಯ ಮೇಲೆ ವಿನಾಯಿತಿ ಇದೆ. ಮನೆಯಲ್ಲಿ ಮಗಳ ಗರ್ಭಕೋಶ ತೆಗೆಸುವ ಮಾತು ಬಂದಿದ್ದರೆ ತಾಯಿಯನ್ನು ಬೈಯಬೇಡಿ. ಅವಳೊಬ್ಬಳೇ ವರ್ಷಗಟ್ಟಲೆ ಎಲ್ಲ ಹೊತ್ತಿದ್ದಾಳೆ. ಬಟ್ಟೆ, ಪ್ಯಾಡ್ ಬಳಸುವುದನ್ನು ಮಗಳಿಗೆ ಕಲಿಸಲು ಸಂಘದ ಹೆಂಗಸರು ಸರದಿ ಮೇಲೆ ಹೋಗಿ ಕೂರಬಹುದು.

ದೌರ್ಜನ್ಯ ಬೆಳಕಿಗೆ ಬಂದರೆ ಏನು ಮಾಡಬೇಕು? ಒಂದು ಮಾತ್ರ ಮಾಡಬಾರದು, ಪಂಚಾಯಿತಿ ಕಟ್ಟೆಯಲ್ಲಿ ರಾಜಿ. ಹೆಣ್ಣುಮಗಳು ಮೊದಲು ಸುರಕ್ಷಿತ ಜಾಗದಲ್ಲಿರಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಜಿಲ್ಲೆಯಲ್ಲಿರುವ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಕಾನೂನು ನೆರವು, ತಂಗಲು ಜಾಗ ಒಂದೇ ಕಡೆ ಸಿಗುತ್ತದೆ. ಲೈಂಗಿಕ ದೌರ್ಜನ್ಯವಾದರೆ ವಿಕಲಚೇತನ ಹೆಣ್ಣುಮಗಳು ಪೊಲೀಸ್ ಠಾಣೆಗೆ ಹೋಗಲೇಬೇಕೆಂದಿಲ್ಲ. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಪೊಲೀಸರೇ ಅವಳ ಮನೆಗೆ ಅಥವಾ ಅವಳು ಹೇಳಿದ ಜಾಗಕ್ಕೆ ಬಂದು ಹೇಳಿಕೆ ಬರೆದುಕೊಳ್ಳಬೇಕು. ಸನ್ನೆ ಭಾಷೆ ಬಲ್ಲವರು ಅಥವಾ ವಿಶೇಷ ಶಿಕ್ಷಕರು ಜೊತೆಗಿರಬೇಕು. ವಿಡಿಯೋ ಆಗಬೇಕು. ಸಂಘದವರು ಈ ಸೆಕ್ಷನ್ ನಂಬರನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ, ಠಾಣೆಯಲ್ಲಿ ಕೇಳಬೇಕಾಗುತ್ತದೆ. ಮನೆಯಲ್ಲಿ ಕೂಡಿಹಾಕುವುದು, ಊಟ ಕೊಡದಿರುವುದು, ಹೊಡೆಯುವುದು ಇಂಥದ್ದಕ್ಕೆ 2016ರ ಕಾಯ್ದೆಯ ಸೆಕ್ಷನ್ 7ರಡಿ ತಹಶೀಲ್ದಾರ್‌ಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು, ತಾಲ್ಲೂಕಿನ ಕಾರ್ಯನಿರ್ವಾಹಕ ದಂಡಾಧಿಕಾರಿ ಅವರೇ. ಸಾರ್ವಜನಿಕವಾಗಿ ಅವಮಾನ ಮಾಡುವುದೂ ಸೆಕ್ಷನ್ 92ರಲ್ಲಿ ಅಪರಾಧ, 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ.

ದೂರು ಕೊಡುವುದೋ ಬೇಡವೋ ಎಂಬುದು ಅವಳ ತೀರ್ಮಾನ. ಅವಳ ಪರವಾಗಿ ಸಂಘ ತೀರ್ಮಾನ ಮಾಡಿದರೆ ಮನೆಯವರು ಮಾಡಿದ್ದನ್ನೇ ನಾವೂ ಮಾಡಿದಂತಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದಾಗ ಮಾತ್ರ ಹಾಗಲ್ಲ, ಪೋಕ್ಸೋ ಕಾಯ್ದೆಯಡಿ ಗೊತ್ತಿದ್ದವರು ತಿಳಿಸಲೇಬೇಕು.

ಹೆಜ್ಜೆ 5: ಕಾಗದಪತ್ರ

ಇದು ಬೇಸರದ ಕೆಲಸ, ಆದರೆ ಬೇಗ ಮುಗಿಸಿಕೊಳ್ಳಿ. ಯುಡಿಐಡಿ ಕಾರ್ಡ್ ಇಲ್ಲದವರ ಪಟ್ಟಿ ಮಾಡಿ, ಒಂದೇ ದಿನ ಎಲ್ಲರೂ ಸೇರಿ ಆನ್‌ಲೈನ್ ಅರ್ಜಿ ಹಾಕಿ. ವೈದ್ಯರ ತಪಾಸಣೆಗೂ ಗುಂಪಾಗಿ ಹೋಗಿ. ಒಬ್ಬೊಬ್ಬರೇ ಹೋದರೆ "ನಾಳೆ ಬನ್ನಿ" ಎನ್ನುವುದು ಸುಲಭ. ಜನ ಜಾಸ್ತಿ ಇದ್ದರೆ ತಾಲ್ಲೂಕಿನಲ್ಲೇ ಶಿಬಿರ ಮಾಡಿ ಎಂದು ಸಂಘದ ಲೆಟರ್‌ನಲ್ಲಿ ಕೇಳಿ. ಮೀಸಲಾತಿ, ಪಿಂಚಣಿಯಂಥ ಬಹುತೇಕ ಸೌಲಭ್ಯಕ್ಕೆ ಶೇ. 40 ವೈಕಲ್ಯ ಬೇಕು. ಪಿಂಚಣಿ ಅರ್ಜಿ ನಾಡಕಚೇರಿಯಲ್ಲಿ. ಅದು ಸಕಾಲ, ಅಂದರೆ ಗೊತ್ತಾದ ದಿನದೊಳಗೆ ಸೇವೆ ಕೊಡಬೇಕೆಂಬ ಕಾಯ್ದೆಯ, ವ್ಯಾಪ್ತಿಗೆ ಬರುತ್ತದೆ, ಆದ್ದರಿಂದ ಸ್ವೀಕೃತಿಯ ನಂಬರ್ ಇಲ್ಲದೆ ಹೊರಗೆ ಬರಬೇಡಿ. ಮಾಡಿಸಿಕೊಡ್ತೀನಿ ಎಂದು ದುಡ್ಡು ಕೇಳುವ ದಲ್ಲಾಳಿಗಳು ಎಲ್ಲ ತಾಲ್ಲೂಕು ಕಚೇರಿ ಸುತ್ತ ಇರುತ್ತಾರೆ. ಸಂಘದ ಯಾರೇ ಆಗಲಿ ಹೀಗೆ ದುಡ್ಡು ಮುಟ್ಟಿದರೆ ಆ ದಿನವೇ ಸದಸ್ಯತ್ವ ರದ್ದು ಎಂದು ನಿಯಮ ಬರೆಯಿರಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನಿರಾಮಯ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿವರೆಗೆ. ಇದನ್ನು ಕೇಳಿಯೇ ಇಲ್ಲದ ಪಾಲಕರು ಬಹಳ ಮಂದಿ ಇದ್ದಾರೆ.

ಹೆಜ್ಜೆ 6: ಒಂದು ಬೇಡಿಕೆ ಹಿಡಿದು ಹೊರಡಿ

ಮೊದಲ ಸಲವೇ ಹತ್ತು ಬೇಡಿಕೆ ಬೇಡ. ಒಂದನ್ನು ಆರಿಸಿಕೊಳ್ಳಿ. ಗೆಲ್ಲುವಂತಿರಬೇಕು, ಎಲ್ಲರಿಗೂ ತಟ್ಟುವಂತಿರಬೇಕು. ನನ್ನ ಸಲಹೆ ಗ್ರಾಮ ಪಂಚಾಯಿತಿಯ ಶೇ. 5ರ ಅನುದಾನ. ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ. 5ನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು. ದುಡ್ಡು ಇದೆ, ಆದೇಶ ಇದೆ. ಯಾರೂ ಕೇಳದಿದ್ದರೆ ಅದು ವರ್ಷದ ಕೊನೆಗೆ ಯಾವುದೋ ಸಾಮಗ್ರಿ ಹಂಚಿ ಮುಗಿಯುತ್ತದೆ.

ಪಿಡಿಒಗೆ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಹೀಗೊಂದು ಪತ್ರ ಬರೆಯಿರಿ (ಅದರಲ್ಲಿ ಬರುವ ಸಮನ್ವಯ ಗ್ರಾಮಸಭೆ ಎಂದರೆ ವಿಕಲಚೇತನರಿಗಾಗಿಯೇ ನಡೆಸುವ ಗ್ರಾಮಸಭೆ):

"ಮಾನ್ಯರೇ,
ವಿಷಯ: ವಿಕಲಚೇತನರ ಶೇ. 5ರ ಅನುದಾನದ ಮಾಹಿತಿ ಮತ್ತು ಬಳಕೆ ಕುರಿತು.
ದಿನಾಂಕ ........ರಂದು ನಡೆದ ನಮ್ಮ ಸಂಘದ ಸಭೆಯ ತೀರ್ಮಾನದಂತೆ ಈ ಕೆಳಗಿನದನ್ನು ಕೋರುತ್ತೇವೆ. ಕಳೆದ ಮೂರು ವರ್ಷಗಳಲ್ಲಿ ಪ್ರತಿ ವರ್ಷ ಈ ಬಾಬಿಗೆ ಮೀಸಲಿಟ್ಟ ಮೊತ್ತ ಎಷ್ಟು, ಖರ್ಚಾದದ್ದು ಎಷ್ಟು, ಯಾವ ಕೆಲಸಕ್ಕೆ? ಫಲಾನುಭವಿಗಳಲ್ಲಿ ಮಹಿಳೆಯರು ಎಷ್ಟು, ಪುರುಷರು ಎಷ್ಟು? ಈ ವರ್ಷದ ಮೊತ್ತ ಖರ್ಚು ಮಾಡುವ ಮುಂಚೆ ನಮ್ಮ ಸಂಘದೊಂದಿಗೆ ಸಭೆ ನಡೆಸಬೇಕು. ವಿಕಲಚೇತನರ ಸಮನ್ವಯ ಗ್ರಾಮಸಭೆಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕು."

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದಕ್ಕೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ಮನವಿಗೆ ಕಚೇರಿಯಲ್ಲಿ ಲೆಕ್ಕವಿಲ್ಲ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಇದನ್ನು ತಿಳಿಯದೆ ಉದ್ದ ಬರೆದರೆ ಅರ್ಜಿ ವಾಪಸ್ ಬರುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೆ ಮುಂಚೆ ಸಂಘದಲ್ಲಿ ತಾಲೀಮು ಮಾಡಿ. ಯಾರು ಏನು ಮಾತಾಡುತ್ತಾರೆ, ಯಾರು ಬರೆದುಕೊಳ್ಳುತ್ತಾರೆ ಎಂದು ಗೊತ್ತುಮಾಡಿ. ಮೊದಲ ಮಾತು ಹೆಂಗಸರೊಬ್ಬರದಾಗಿರಲಿ. ಇದು ಬರೀ ತೋರಿಕೆಗಲ್ಲ. ಬಡತನ ನಿವಾರಣೆ ಮತ್ತು ವಸತಿ ಯೋಜನೆಗಳಲ್ಲಿ ವಿಕಲಚೇತನರಿಗೆ ಶೇ. 5 ಮೀಸಲು, ಅದರಲ್ಲೂ ಹೆಂಗಸರಿಗೆ ಆದ್ಯತೆ ಎಂದು 2016ರ ಕಾಯ್ದೆಯ ಸೆಕ್ಷನ್ 37 ಹೇಳುತ್ತದೆ. ಅದನ್ನು ಕೇಳಬೇಕಾದವರು ಅವರೇ. ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಎದ್ದು ಬರಬೇಡಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿ.

ಆ ದುಡ್ಡಿನಲ್ಲಿ ಏನು ಕೇಳಬೇಕು ಎಂಬುದನ್ನು ಸಂಘ ಮೊದಲೇ ತೀರ್ಮಾನಿಸಿರಬೇಕು. ಶೌಚಾಲಯಕ್ಕೆ ಹಿಡಿಕೆ, ಆರೋಗ್ಯ ಕೇಂದ್ರಕ್ಕೆ ಇಳಿಜಾರು, ಅಂಧ ವಿದ್ಯಾರ್ಥಿಗೆ ಓದುವ ಸಾಧನ, ಏನಾದರೂ ಆಗಬಹುದು. ಇಳಿಜಾರು ಕೇಳಿದರೆ ಅಳತೆ ಸಮೇತ ಕೇಳಿ. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ಬೇಕು, ಅಗಲ 1.2 ಮೀಟರ್ ಇರಬೇಕು, ಪಕ್ಕದಲ್ಲಿ ಕೈಹಿಡಿಕೆ ಬೇಕು. ಅಳತೆ ಹೇಳದಿದ್ದರೆ ಮೆಟ್ಟಿಲ ಮೇಲೆ ಸಿಮೆಂಟ್ ಸುರಿದು ಕಡಿದಾಗಿ ಕಟ್ಟಿಬಿಡುತ್ತಾರೆ, ಅದರ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ, ಇಳಿಯುವಾಗ ಬೀಳಿಸುತ್ತದೆ. ಕೆಲಸ ನಡೆಯುವಾಗ ಟೇಪ್ ಹಿಡಿದು ಹೋಗಿ ಅಳೆಯಿರಿ.

ಪಂಚಾಯಿತಿಯಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಅಧಿಕಾರಿಗಳು, ಕೊನೆಗೆ ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರು. ಹಕ್ಕು ತಪ್ಪಿದ ಬಗ್ಗೆ ವಿಚಾರಣೆ ಮಾಡುವಾಗ ಆಯುಕ್ತರಿಗೆ ಸಿವಿಲ್ ಕೋರ್ಟ್‌ನ ಅಧಿಕಾರಗಳಿವೆ. ಅವರು ಶಿಫಾರಸು ಮಾಡಿದರೆ ಆ ಕಚೇರಿ ಮೂರು ತಿಂಗಳಲ್ಲಿ ಏನು ಮಾಡಿದೆ ಎಂದು ತಿಳಿಸಬೇಕು. ಅಲ್ಲಿಗೆ ಹೋಗುವಾಗ ಸೀಲು ಹಾಕಿಸಿದ ಎಲ್ಲ ಪ್ರತಿಗಳೂ ನಿಮ್ಮ ಬಳಿ ಇರಬೇಕು.

ಹೆಜ್ಜೆ 7: ತಾಲ್ಲೂಕು ಒಕ್ಕೂಟ

ಒಂದು ಊರಿನ ಸಂಘಕ್ಕೆ ಬಸ್ ಡಿಪೋ ಮ್ಯಾನೇಜರ್ ಉತ್ತರ ಕೊಡದಿರಬಹುದು, ಇಡೀ ತಾಲ್ಲೂಕಿನ ಒಕ್ಕೂಟಕ್ಕೆ ಕೊಡುತ್ತಾರೆ. ಪ್ರತಿ ಸಂಘದಿಂದ ಇಬ್ಬರು, ಒಬ್ಬ ಹೆಂಗಸು ಒಬ್ಬ ಗಂಡಸು, ಒಕ್ಕೂಟಕ್ಕೆ ಹೋಗಲಿ. ಒಕ್ಕೂಟವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಏಳು ಜನ ಇದ್ದರೆ ಆಗುತ್ತದೆ. ಎಪಿಡಿ, ಮೊಬಿಲಿಟಿ ಇಂಡಿಯಾ, ಸಮರ್ಥನಂ ಅಂಥ ಸಂಸ್ಥೆಗಳಿಂದ ತರಬೇತಿ, ಸಾಧನ ಸಲಕರಣೆ ಕೇಳಬಹುದು. ಯಾವುದೇ ಸಂಸ್ಥೆ ನೆರವು ಕೊಟ್ಟರೂ ತೀರ್ಮಾನ ಒಕ್ಕೂಟದ್ದೇ ಇರಲಿ, ನಡಾವಳಿ ಪುಸ್ತಕ ಒಕ್ಕೂಟದ ಕಪಾಟಿನಲ್ಲೇ ಇರಲಿ.

ಒಕ್ಕೂಟ ದೊಡ್ಡ ಬೇಡಿಕೆಗಳನ್ನೂ ಹಿಡಿಯಬಹುದು. ತಮಿಳುನಾಡಿನಲ್ಲಿ 2025ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಿಕಲಚೇತನರನ್ನು ನಾಮಕರಣ ಮಾಡುವ ಕಾನೂನು ಬಂತು. ಪಂಚಾಯಿತಿ ಸಭೆಯ ಒಳಗೇ ನಮ್ಮವರೊಬ್ಬರು ಕೂರುವುದಕ್ಕೂ ಹೊರಗೆ ಮನವಿ ಹಿಡಿದು ನಿಲ್ಲುವುದಕ್ಕೂ ಬಹಳ ವ್ಯತ್ಯಾಸ ಇದೆ. ಇದನ್ನು ನಮ್ಮ ಶಾಸಕರ ಮುಂದೆಯೂ ಇಡಬೇಕು, ಚುನಾವಣೆಗೆ ಮುಂಚೆ ಇಡಬೇಕು. ಆ ಹೊತ್ತಿನಲ್ಲಿ ನಡೆಯಲಾಗದ ಸದಸ್ಯರಿಗೆ ಮನೆಯಿಂದಲೇ ಮತ ಹಾಕಲು 12ಡಿ ಫಾರಂ ತುಂಬಿಸುವುದೂ ಒಕ್ಕೂಟದ ಕೆಲಸ.

ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ. ತಾಲ್ಲೂಕಿನಲ್ಲಿ ಶಾಮಿಯಾನ ಹಾಕಿ ಕಾರ್ಯಕ್ರಮ ಮಾಡುತ್ತಾರೆ, ಸನ್ಮಾನ ಇರುತ್ತದೆ, ಊಟ ಇರುತ್ತದೆ. ತಹಶೀಲ್ದಾರ್, ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಇಲಾಖೆಯ ಅಧಿಕಾರಿಗಳು ಎಲ್ಲ ಒಂದೇ ಕಡೆ ಸಿಗುವ ದಿನ ಅದು. ಆ ವರ್ಷ ಕೊಟ್ಟ ಅರ್ಜಿಗಳಲ್ಲಿ ಯಾವುದು ಎಲ್ಲಿ ನಿಂತಿದೆ ಎಂಬ ಪಟ್ಟಿಯನ್ನು ನವೆಂಬರ್ ಸಭೆಯಲ್ಲೇ ತಯಾರು ಮಾಡಿ. ವೇದಿಕೆಗೆ ಇಳಿಜಾರು ಬೇಕು, ಸನ್ನೆ ಭಾಷೆಯವರು ಬೇಕು, ಶೌಚಾಲಯ ಬೇಕು ಎಂದು ಎರಡು ವಾರ ಮುಂಚೆ ಬರೆದು ಕೊಡಿ. ಆ ದಿನ ಒಕ್ಕೂಟದಿಂದ ಮಾತಾಡಲು ಹತ್ತು ನಿಮಿಷ ಕೇಳಿ ಪಡೆಯಿರಿ. ಮಾತಾಡುವವರು ಹೆಂಗಸರಿರಲಿ. ಪಟ್ಟಿ ಓದಿ ಮುಗಿಸಿದ ಮೇಲೆ ಪ್ರತಿ ಅರ್ಜಿಗೂ ಒಂದು ದಿನಾಂಕ ಕೇಳಿ, ಹೇಳಿದ ದಿನಾಂಕವನ್ನು ಅಲ್ಲೇ ಬರೆದುಕೊಳ್ಳಿ.